ಟಕ್ ಅಂದು ಸುಮ್ಮನಾದ ಕಾರು

ಅಪ್ಪನ ಕಾಲದ ಕಾರು. ಕೀ ತಿರುಗಿಸಿದರೆ ಬರೀ ‘ಟಕ್’. ನೋಡಿದವರೆಲ್ಲ ‘ಸೆಲ್ಫ್ ಹೋಗಿದೆ, ಬಿಚ್ಚಿಸಿ’ ಅಂದರು.

ಬ್ಯಾಟರಿ 12.6 ವೋಲ್ಟ್ ತೋರಿಸುತ್ತಿತ್ತು. ಅದೊಂದನ್ನೇ ನಂಬುವಂತಿಲ್ಲ, ಸೆಲ್ಫ್ ನೂರಾರು ಆಂಪಿಯರ್ ಎಳೆಯುವಾಗಲೇ ಅದರ ಬಂಡವಾಳ ಗೊತ್ತಾಗೋದು. ಹೆಡ್‌ಲೈಟ್ ಹಾಕಿ ಮತ್ತೆ ಕೀ ತಿರುಗಿಸಿದೆ. ಬೆಳಕು ಮಂಕಾಗಲಿಲ್ಲ. ಅಂದರೆ ಬ್ಯಾಟರಿಯಲ್ಲಿ ದಮ್ಮಿದೆ, ಕರೆಂಟಿಗೇ ದಾರಿ ಸಿಗುತ್ತಿಲ್ಲ.

ಗೇರು ನ್ಯೂಟ್ರಲ್‌ಗೆ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಇಂಜಿನ್ನಿನ ಮೈಗೆ ಒತ್ತಿ ಹಿಡಿದೆ. ಮಗಳು ಕೀ ತಿರುಗಿಸಿದಳು. 6 ವೋಲ್ಟ್! ಅರ್ಧ ವೋಲ್ಟೂ ಮೀರಬಾರದ ಜಾಗವದು. ಇಂಜಿನ್ನಿನ ಅರ್ತ್ ಪಟ್ಟಿಯ ಬೋಲ್ಟಿನಡಿ ತುಕ್ಕು ಹಿಡಿದಿತ್ತು.

ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ. ಒಂದೇ ಸಲಕ್ಕೆ ಸ್ಟಾರ್ಟ್. ನೀವೂ ಸೆಲ್ಫ್ ಬಿಚ್ಚಿಸುವ ಮೊದಲು ಅರ್ತ್ ನೋಡಿ ಮಾರಾಯ್ರೆ.