ಒಂದು ‘ಅಲ್ಲಿ’, ಮೂರು ಇಂಗ್ಲಿಷ್ ಪದ

ಇಂಗ್ಲಿಷ್ ಉತ್ತರಪತ್ರಿಕೆ ಮನೆಗೆ ಬಂದಾಗ ಕೆಂಪು ಶಾಯಿಯ ಗುರುತುಗಳನ್ನು ಗಮನಿಸಿ. ಎಷ್ಟೋ ಗುರುತುಗಳು ದೊಡ್ಡ ಪದಗಳ ಮೇಲಿರುವುದಿಲ್ಲ. ‘ಇನ್’, ‘ಆನ್’, ‘ಆ್ಯಟ್’ ಎಂಬ ಪುಟಾಣಿ ಪದಗಳ ಮೇಲಿರುತ್ತವೆ. “ಇಷ್ಟು ಸಣ್ಣ ಪದವೂ ಬರುವುದಿಲ್ಲವೇ ನಿನಗೆ?” ಎಂದು ಅಪ್ಪ ಗದರುತ್ತಾರೆ. ಮಗಳು ತಲೆ ತಗ್ಗಿಸುತ್ತಾಳೆ. ಇಂಗ್ಲಿಷ್ ತನಗೆ ಒಲಿಯದು ಎಂಬ ಭಯ ಮನಸ್ಸಿನಲ್ಲಿ ಕೂರುವುದು ಇಂಥ ಗಳಿಗೆಯಲ್ಲೇ.

ಆದರೆ ಈ ತಪ್ಪಿಗೆ ಕಾರಣ ದಡ್ಡತನವಲ್ಲ, ಕನ್ನಡದ ಸಪ್ತಮೀ ವಿಭಕ್ತಿ! ಮದ್ದೂರನ್ನೇ ತೆಗೆದುಕೊಳ್ಳಿ. ಅಜ್ಜಿ ಮದ್ದೂರಿನಲ್ಲಿದ್ದಾರೆ. ಮದ್ದೂರು ಶಿಂಷಾ ನದಿಯ ದಡದಲ್ಲಿದೆ. ಮೈಸೂರಿನ ರೈಲು ಮದ್ದೂರಿನಲ್ಲಿ ನಿಲ್ಲುತ್ತದೆ. ಕನ್ನಡಕ್ಕೆ ಮೂರು ಕಡೆಯೂ ಒಂದೇ ‘ಅಲ್ಲಿ’ ಸಾಕು. ಇಂಗ್ಲಿಷಿಗೆ ಸಾಲದು. ಅಜ್ಜಿಯನ್ನು ಊರು ಸುತ್ತುವರಿದಿದೆ. ಅದಕ್ಕೆ ‘ಇನ್ ಮದ್ದೂರು’. ನದಿ ಒಂದು ಗೆರೆ, ಊರು ಅದಕ್ಕೆ ತಾಗಿಕೊಂಡಿದೆ. ಅದಕ್ಕೆ ‘ಆನ್ ದಿ ಶಿಂಷಾ’. ರೈಲಿಗಾದರೋ ಮದ್ದೂರು ಹಾದಿಯ ನಡುವಿನ ಒಂದು ಚುಕ್ಕೆ. ಅದಕ್ಕೆ ‘ಆ್ಯಟ್ ಮದ್ದೂರು’. ಊರು ಬದಲಾಗಲಿಲ್ಲ, ನೋಡುವ ಬಗೆ ಬದಲಾಯಿತು.

ರೇಖಾಗಣಿತ ಓದಿದ ಮಕ್ಕಳಿಗೆ ಇದು ಹೊಸತೇನಲ್ಲ. ಬಿಂದುವಿಗೆ ‘ಆ್ಯಟ್’, ರೇಖೆಗೂ ಮೇಲ್ಮೈಗೂ ‘ಆನ್’, ಆವರಣಕ್ಕೆ ‘ಇನ್’.

‘ಆನ್’ ಎಂದರೆ ‘ಮೇಲೆ’ ಎಂದು ಬಾಯಿಪಾಠ ಮಾಡಿದವರು ಎಡವುವುದೂ ಉಂಟು. ತಾರಸಿಯ ಅಡಿಗೆ ಅಂಟಿಕೊಂಡ ಹಲ್ಲಿ ‘ಮೇಲೆ’ ಎಲ್ಲಿದೆ? ಆದರೂ ಇಂಗ್ಲಿಷಿನಲ್ಲಿ ಅದು ‘ಆನ್ ದಿ ಸೀಲಿಂಗ್’. ತಲೆಯ ಮೇಲೆ ಹಾರುವ ವಿಮಾನಕ್ಕೆ ‘ಆನ್’ ಸಲ್ಲದು, ‘ಓವರ್’ ಬೇಕು. ಇಲ್ಲಿ ಮುಖ್ಯವಾದದ್ದು ಎತ್ತರವಲ್ಲ, ಸ್ಪರ್ಶ. ಹಲ್ಲಿ ತಾರಸಿಗೆ ತಾಗಿದೆ. ವಿಮಾನ ತಲೆಗೆ ತಾಗಿಲ್ಲ.

ಈ ಸೂತ್ರಕ್ಕೆ ಜಗ್ಗದ ರೂಢಿಗಳೂ ಇವೆ. ಕಾರಿನಲ್ಲಿ ಕುಳಿತವರಿಗೆ ‘ಇನ್’, ಬಸ್ಸಿನಲ್ಲೋ ರೈಲಿನಲ್ಲೋ ಪ್ರಯಾಣಿಸುವವರಿಗೆ ಸಾಮಾನ್ಯವಾಗಿ ‘ಆನ್’. ಇಂಥವನ್ನು ಓದುತ್ತಾ, ಕೇಳುತ್ತಾ ರೂಢಿಸಿಕೊಳ್ಳಬೇಕು. ಕನ್ನಡ ಕಲಿಯಲು ಬಂದ ಹೊರನಾಡಿನವರೂ ನಮ್ಮ ವಿಭಕ್ತಿಗಳ ಮುಂದೆ ಹೀಗೇ ತಡವರಿಸುತ್ತಾರೆ. ಅವರನ್ನು ಯಾರೂ ದಡ್ಡರೆನ್ನುವುದಿಲ್ಲ.

ಮುಂದಿನ ಸಲ ಕೆಂಪು ಗುರುತು ಕಂಡಾಗ ಪಾಲಕರು ಗದರುವ ಬದಲು ಒಂದು ಪ್ರಶ್ನೆ ಕೇಳಲಿ: “ಈ ಜಾಗ ನಿನಗೆ ಚುಕ್ಕೆಯಾಗಿ ಕಾಣುತ್ತದೆಯೋ, ತಾಗುವ ಮೈಯಾಗಿಯೋ, ಸುತ್ತುವರಿದ ಆವರಣವಾಗಿಯೋ?” ಉತ್ತರ ಹುಡುಕುವ ಮಗು ಪದವನ್ನೂ ತಾನೇ ಹುಡುಕಿಕೊಳ್ಳುತ್ತದೆ.