ಭಾಗ 4: ತಾಳಿ ಕಟ್ಟೋವಾಗ್ಲೇ ಲೈವ್ ಯಾಕೆ ಸುತ್ತುತ್ತೆ?

ಸಿನಿಮಾ ನೋಡುವಾಗ ಆ್ಯಪ್ ಮುಂದಿನ ಭಾಗವನ್ನ ಮೊದಲೇ ಇಳಿಸಿಟ್ಟುಕೊಳ್ಳುತ್ತೆ. ಲೈವ್‌ನಲ್ಲಿ ಮುಂದಿನದು ಇನ್ನೂ ನಡೆದೇ ಇರಲ್ಲ! ಬಿಕಾಂ ಭಾಷೇಲಿ ಹೇಳೋದಾದ್ರೆ, ಸ್ಟಾಕ್ ಬರೀ ಕೆಲವು ಸೆಕೆಂಡ್‌ದು. ಸಪ್ಲೈ ನಿಂತ್ರೆ ಅಂಗಡಿ ಖಾಲಿ.

ಅಕ್ಕನ್ನ ಮಂಟಪಕ್ಕೆ ಕರ್ಕೊಂಡು ಬರಬೇಕಿದ್ದ ಸೋದರಮಾವ ರಜೆ ಸಿಗದೆ ದುಬೈನಲ್ಲೇ ಉಳಿದ್ರು. ಗಟ್ಟಿಮೇಳದ ಹೊತ್ತಿಗೇ ಅವರ ಫೋನಲ್ಲಿ ಚಿತ್ರ ನಿಂತೋಯ್ತು. ಅಲ್ಲಿನ ವೈಫೈನ ಬೈಕೊಂಡ್ರು ಪಾಪ. ತೊಂದರೆ ಇದ್ದದ್ದು ನಮ್ಮ ಛತ್ರದಲ್ಲಿ: ಅದೇ ಕ್ಷಣಕ್ಕೆ ಎಲ್ಲರೂ ವಿಡಿಯೋ ಕಳಿಸ್ತಿದ್ರು, ಎಲ್ಲರಿಗೂ ಇದ್ದದ್ದು ಅದೇ ಟವರ್. ಅಪ್‌ಲೋಡ್ ಕುಸಿದ್ರೆ ನೋಡೋರ ನೆಟ್ ಎಷ್ಟು ಚೆನ್ನಾಗಿದ್ರೂ ಅಷ್ಟೇ.

ನಿಮ್ಮನೇಲಿ ಮದುವೆ ಇದ್ಯಾ? ಛತ್ರದಲ್ಲಿ ಬ್ರಾಡ್‌ಬ್ಯಾಂಡ್ ಇದ್ಯಾ ಅಂತ ಮೊದಲೇ ಕೇಳಿ. ಇಲ್ಲಾಂದ್ರೆ 1080 ಬಿಟ್ಟು 480ಕ್ಕೆ ಇಳಿಸಿ. ದೂರ ಇರೋರಿಗೆ ಮಸುಕಾಗಿ ಕಂಡ್ರೂ ಪರವಾಗಿಲ್ಲ, ಕಾಣ್ಬೇಕು ಅಷ್ಟೇ.