ಮಾಂಬಲಂನಲ್ಲಿ ಕೋವಿಯ ಮಾತು

ಪಶ್ಚಿಮ ಮಾಂಬಲಂ ಬೇಟೆಯ ನೆನಪು ತರುವ ಸ್ಥಳವಲ್ಲ. ರೈಲು ಹಳಿಯ ಆಚೆ ತ್ಯಾಗರಾಯನಗರದ ರೇಷ್ಮೆ, ಬಂಗಾರ, ಜನಜಂಗುಳಿ. ಈಚೆ ನಮ್ಮ ಅಯೋಧ್ಯಾ ಮಂಟಪ, ತರಕಾರಿ ಗಾಡಿ, ಕಾಫಿಪುಡಿಯ ಪರಿಮಳ. ಲೇಕ್ ವ್ಯೂ ರಸ್ತೆ ಇದೆ, ಕೆರೆ ಮಾತ್ರ ಇಲ್ಲ. ಆರ್ಯ ಗೌಡ ರಸ್ತೆ ಇದೆ; ಅದು ನೀಲಗಿರಿಯ ಬಡಗ ಮುಖಂಡರಾಗಿದ್ದ ಆರಿ ಗೌಡರ ಹೆಸರೆಂಬುದು ದಿನವೂ ಅಲ್ಲಿ ಓಡಾಡುವ ನಮ್ಮವರಲ್ಲೇ ಅನೇಕರಿಗೆ ಗೊತ್ತಿಲ್ಲ. ಇಲ್ಲಿ ನಾವು ಕೊಲ್ಲುವ ಅತಿ ದೊಡ್ಡ ಪ್ರಾಣಿಯೆಂದರೆ ಸೊಳ್ಳೆ.

ಆದರೂ ಈ ಬೇಸಿಗೆ ರಜೆಯಲ್ಲಿ ನಮ್ಮ ಮನೆಗಳಲ್ಲೆಲ್ಲ ಕೋವಿಯದೇ ಮಾತು. ಮಕ್ಕಳ ಕನ್ನಡಕ್ಕೆ ತುಕ್ಕು ಹಿಡಿಯಬಾರದೆಂದು ತೇಜಸ್ವಿಯವರ 'ಕಾಡಿನ ಕಥೆಗಳು' ತರಿಸಿಕೊಟ್ಟಿದ್ದೆವು. ಬೆಂಗಳೂರಿನಲ್ಲಿ ಬಾಳಿದ ಕೆನೆತ್ ಆಂಡರ್ಸನ್ನರ ಶಿಕಾರಿ ಅನುಭವಗಳ ಭಾವಾನುವಾದ ಅದು. ಮೂರೇ ದಿನದಲ್ಲಿ ಪ್ರಶ್ನೆ ಬಂತು: ಆಂಡರ್ಸನ್ ತಮ್ಮ .405 ವಿಂಚೆಸ್ಟರ್ ರೈಫಲ್ಲನ್ನೇ ಏಕೆ ನೆಚ್ಚಿಕೊಂಡಿದ್ದರು? ಅದಕ್ಕಿಂತ ದೊಡ್ಡ ಕೋವಿ ಇರಲಿಲ್ಲವೇ?

ನಮ್ಮ ಬಳಗದಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರಿದ್ದಾರೆ. ಮಕ್ಕಳೆಲ್ಲ ಅವರನ್ನು ಅಜ್ಜಯ್ಯ ಎಂದೇ ಕರೆಯುವುದು. "ದೊಡ್ಡ ಕೋವಿ ಹುಲಿಗಿಂತ ಮೊದಲು ಹಿಡಿದವನಿಗೇ ಹೊಡೀತದೆ ಕಣ್ರೋ. ನಡೀರಿ, ತೋರಿಸ್ತೇನೆ" ಎಂದು ಅವರು ಹೊರಟೇಬಿಟ್ಟರು. ಬುತ್ತಿ ಕಟ್ಟಿಕೊಂಡು ನಾವೂ ಹಿಂಬಾಲಿಸಿದೆವು.

ಮಾಂಬಲಂ ನಿಲ್ದಾಣದಲ್ಲಿ ಲೋಕಲ್ ರೈಲು ಹಿಡಿದರೆ ಕೋಡಂಬಾಕ್ಕಂ, ನುಂಗಂಬಾಕ್ಕಂ, ಚೇಟ್‌ಪಟ್, ನಾಲ್ಕನೆಯದು ಎಳುಂಬೂರು. ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯ 1851ರಲ್ಲಿ ಸ್ಥಾಪನೆಯಾದದ್ದು. ತಂಜಾವೂರಿನ ಅರಮನೆಯಿಂದಲೂ ಸೇಂಟ್ ಜಾರ್ಜ್ ಕೋಟೆಯಿಂದಲೂ ಬಂದ ಆಯುಧಗಳು ಅದರ ಸಂಗ್ರಹದಲ್ಲಿವೆ. ಹಳೆಯ ಕೋವಿಗಳ ಮುಂದೆ ಅಜ್ಜಯ್ಯ ಪಾಠ ಆರಂಭಿಸಿದರು.

ಹಿಂದೆ ಕೋವಿಯ ಬೋರನ್ನು ಸೀಸದ ತೂಕದಿಂದ ಎಣಿಸುತ್ತಿದ್ದರು. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಹನ್ನೆರಡು ಗುಂಡುಗಳಾದರೆ ಅದು 12 ಬೋರು. ನಾಲ್ಕೇ ಆದರೆ 4 ಬೋರು. ಎಂದರೆ ಒಂದೊಂದು ಗುಂಡೂ ಕಾಲು ಪೌಂಡು, ಸುಮಾರು 113 ಗ್ರಾಂ! ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ, 1878ರಲ್ಲಿ ತಮ್ಮ ಅನುಭವಗಳ ಪುಸ್ತಕ ಪ್ರಕಟಿಸಿದ ಸ್ಯಾಂಡರ್ಸನ್ ಸಾಹೇಬರು ಆನೆಗೆ ಹಿಡಿಯುತ್ತಿದ್ದುದು ಇಂಥದ್ದನ್ನೇ. ಗುಂಡು ಎಷ್ಟು ಭಾರವಾಗಿ, ಎಷ್ಟು ವೇಗವಾಗಿ ಮುಂದೆ ಹೋಗುತ್ತದೆಯೋ ಅದಕ್ಕೆ ತಕ್ಕಂತೆ ಕೋವಿ ಹಿಂದಕ್ಕೆ ಒದೆಯುತ್ತದೆ. ಒದೆ ತಗ್ಗಬೇಕಾದರೆ ಕೋವಿ ಭಾರವಾಗಬೇಕು. ತೂಕ ಇಮ್ಮಡಿಯಾದರೆ ಅದು ಹಿಂದಕ್ಕೆ ನುಗ್ಗುವ ವೇಗ ಅರ್ಧವಾಗುತ್ತದೆ. ಆದರೆ ಅಷ್ಟು ಭಾರವನ್ನು ಬೆಟ್ಟ ಹತ್ತಿಸುವವರು ಯಾರು? ಹೊರುವ ಆಳು ಹೆದರಿ ಓಡಿದರೆ ಕೋವಿಯೂ ಅವನ ಜೊತೆಗೇ ಹೋಯಿತು.

ಆಂಡರ್ಸನ್ನರ .405ರ ಗುಂಡಿನ ತೂಕ 300 ಗ್ರೇನ್, ಸುಮಾರು 19.5 ಗ್ರಾಂ, ವೇಗ ಸೆಕೆಂಡಿಗೆ 2200 ಅಡಿಯಷ್ಟು. ಕೋವಿ ಸುಮಾರು ನಾಲ್ಕು ಕಿಲೋ ಎಂದಿಟ್ಟುಕೊಂಡು, ಮದ್ದಿನ ಹೊಗೆಯ ನೂಕನ್ನೂ ಸೇರಿಸಿ, ನಮ್ಮ ಹುಡುಗರು ಲೆಕ್ಕ ಮಾಡಿದರು: ಅದು ಸೆಕೆಂಡಿಗೆ ನಾಲ್ಕು ಮೀಟರಿನಷ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ. ನಮ್ಮ ಗೃಹಿಣಿಯರಿಗೆ ಅರ್ಥವಾಗುವಂತೆ ಹೇಳುವುದಾದರೆ, ನಾಲ್ಕು ಕಿಲೋ ತೂಕದ ರುಬ್ಬುಗುಂಡು ಎರಡೂವರೆ ಅಡಿ ಮೇಲಿನಿಂದ ಭುಜಕ್ಕೆ ಬಿದ್ದ ಹಾಗೆ. ಆ ಮಾದರಿಯ ಹಿಡಿಗೆ ಸಾಮಾನ್ಯವಾಗಿ ರಬ್ಬರಿನ ಮೆತ್ತೆಯೂ ಇಲ್ಲ, ಉಕ್ಕಿನ ತಗಡು!

ಭುಜದ ನೋವು ದೊಡ್ಡದಲ್ಲ, ಎರಡು ದಿನ ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂದರು ಅಜ್ಜಯ್ಯ. ಕೆಡುಕಿರುವುದು ಅಳುಕಿನಲ್ಲಿ. ಒಮ್ಮೆ ಒದೆ ತಿಂದವನು ಮುಂದಿನ ಸಲ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಭುಜ ಬಿಗಿಯುತ್ತಾನೆ. ನಳಿಗೆಯ ತುದಿ ಕೂದಲೆಳೆಯಷ್ಟು ಕುಸಿಯುತ್ತದೆ. ಇದನ್ನು ಪತ್ತೆ ಮಾಡುವ ಉಪಾಯವೂ ಇದೆ. ಅವನಿಗೆ ತಿಳಿಯದಂತೆ ಒಳಗೆ ಸಿಡಿಯದ ಹುಸಿ ತೋಟಾ ಇಟ್ಟು ಹೊಡೆಯಹೇಳಬೇಕು. ಸದ್ದಿಲ್ಲ, ಒದೆಯಿಲ್ಲ, ಆದರೂ ನಳಿಗೆ ಧಡಕ್ಕನೆ ತಗ್ಗಿದರೆ ಅಳುಕು ಬಯಲಾಯಿತು. ಎದೆಗೆ ಇಟ್ಟ ಗುರಿ ದವಡೆಗೋ ಕಾಲಿಗೋ ತಾಗುವುದು ಹೀಗೆಯೇ. ಹೊಡೆದವನು ಊರಿಗೆ ಮರಳುತ್ತಾನೆ. ಗಾಯಗೊಂಡ ಪ್ರಾಣಿ ಕಾಡಿನಲ್ಲೇ ಉಳಿಯುತ್ತದೆ, ಸೌದೆಗೆ ಹೋಗುವ ಹೆಂಗಸರೂ ಅಲ್ಲೇ ಇರುತ್ತಾರೆ. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣು ಹುಲಿ 436 ಜನರನ್ನು ತಿಂದಿತ್ತು. ಅದರ ಬಲಗಡೆಯ ಕೋರೆಹಲ್ಲುಗಳೆರಡೂ ಯಾರದೋ ಹಳೆಯ ಗುಂಡೇಟಿಗೆ ಮುರಿದಿದ್ದವು. ಸಹಜ ಬೇಟೆ ಅದಕ್ಕೆ ಸಾಧ್ಯವಿರಲಿಲ್ಲ ಎಂದು ಕಾರ್ಬೆಟ್ಟರೇ ಬರೆದಿದ್ದಾರೆ. ಆ ಗುಂಡು ತಪ್ಪಿದ್ದು ಅಳುಕಿನಿಂದಲೋ ಅವಸರದಿಂದಲೋ, ಹೇಳುವವರಿಲ್ಲ.

ಆ ಬೇಟೆಗಾಗಿ ಸರ್ಕಾರದವರು ಕಾರ್ಬೆಟ್ಟರಿಗೆ ಉಡುಗೊರೆ ಕೊಟ್ಟ ರೈಫಲ್ .275 ರಿಗ್ಬಿ. ಹಗುರ; ಒದೆ .405ರ ಹೆಚ್ಚುಕಡಿಮೆ ಅರ್ಧ. ಭಾರಿ ಗುಂಡು ಬೇಕಾದಾಗ ಅವರು .450/400ರ ಜೋಡುನಳಿಗೆಯನ್ನು ಎತ್ತಿಕೊಳ್ಳುತ್ತಿದ್ದರು.

"ಹಾಗಾದರೆ ಸಣ್ಣದೇ ಮೇಲಲ್ಲವೇ, ಅಜ್ಜಯ್ಯ?" ಎಂದು ಒಬ್ಬ ಹುಡುಗಿ ಕೇಳಿದಳು.

"ಅದೂ ಅಲ್ಲ ಮಗಾ. ಆಫ್ರಿಕದಲ್ಲಿ ಬೆಲ್ ಅಂತ ಒಬ್ಬ ಇಂಥ ಸಣ್ಣ ಗುಂಡಿನಲ್ಲೇ ನೂರಾರು ಆನೆ ಕೆಡವಿದ. ಅವನಿಗೆ ಆನೆಯ ಮಿದುಳು ಎಲ್ಲಿದೆ ಅಂತ ಅಂಗೈಯಷ್ಟು ಗೊತ್ತಿತ್ತು. ಗೊತ್ತಿಲ್ಲದವನು ಹಾಗೆ ಮಾಡಿದರೆ ಆನೆಗೂ ನರಕ, ಊರಿಗೂ ನರಕ. ಅಳುಕದೆ ಹೊಡೆಯಬಲ್ಲದ್ದರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ, ಅದು ಅವನವನ ಕೋವಿ."

ಆಂಡರ್ಸನ್ನರ .405 ಬಹುಶಃ ಅಂಥದ್ದು. ನಮ್ಮ ಸಾಮಾನ್ಯ ಬೇಟೆಗಾರರಿಗೆ ಈ ಆಯ್ಕೆಯೂ ಇರಲಿಲ್ಲವೆನ್ನಿ. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧ. ಆದ್ದರಿಂದ ಇಶಾಪುರದ ಸರ್ಕಾರಿ ಕಾರ್ಖಾನೆಯ.315, ಇಲ್ಲವೇ 12 ಬೋರಿನ ತೋಟಾ ಕೋವಿ. ಭುಜವನ್ನು ಕೇಳುವ ಮೊದಲು ಕಾನೂನನ್ನು ಕೇಳಬೇಕಿತ್ತು.

ನಮ್ಮ ಜೊತೆಗಿದ್ದ ಮಡಿಕೇರಿಯ ಅಕ್ಕನವರು ಇಷ್ಟು ಹೊತ್ತು ಸುಮ್ಮನಿದ್ದವರು, ಈಗ ನಕ್ಕರು. ಕೈಲ್‌ಪೊಳ್ದಿನ ಸಮಯದಲ್ಲಿ ಅವರ ಕಡೆ ಹೆಂಗಸರೂ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. "ಹಿಡಿಯನ್ನು ಭುಜದ ಗುಳಿಗೆ ಒತ್ತಿ ಹಿಡಿಯಬೇಕು. ಸಡಿಲ ಬಿಟ್ಟರೆ ಒದೆ ಅಲ್ಲ, ಗುದ್ದು. ನಮ್ಮಮ್ಮ ಮೊದಲು ಕಲಿಸಿದ್ದೇ ಅದು" ಎಂದರು. ಹುಡುಗಿಯರೆಲ್ಲ ಅಜ್ಜಯ್ಯನನ್ನು ಬಿಟ್ಟು ಅವರನ್ನು ಮುತ್ತಿಕೊಂಡರು.

1972ರ ವನ್ಯಜೀವಿ ಕಾನೂನಿನ ಮೇಲೆ ಹುಲಿಬೇಟೆಯ ಮಾತು ಪುಸ್ತಕದಲ್ಲಷ್ಟೇ. ಅದು ಒಳ್ಳೆಯದೇ ಆಯಿತು. ಆದರೆ ಆ ಕಾಡು ನಮ್ಮ ದಾರಿಯಲ್ಲೇ ಇದೆ. ಬೆಂಗಳೂರಿಗೆ ಕಾರಿನಲ್ಲಿ ಹೋಗುವವರು ಹೊಸೂರಿನಲ್ಲಿ ಹೆದ್ದಾರಿ ಬಿಟ್ಟು ತಳಿಯ ಕಡೆ ತಿರುಗಿದರೆ, ಮುಂದೆ ಜವಳಗಿರಿ; ಆಂಡರ್ಸನ್ನರ 1954ರ ಮೊದಲ ಪುಸ್ತಕದ ಹೆಣ್ಣು ಹುಲಿಯ ಊರು. 2014ರಿಂದ ಆ ಭಾಗದ ಕಾಡು ಕಾವೇರಿ ಉತ್ತರ ವನ್ಯಧಾಮಕ್ಕೆ ಸೇರಿದೆ. ಜಿಲ್ಲೆ ತಮಿಳುನಾಡಿನದಾದರೂ ಆ ಕಡೆಯ ಹಳ್ಳಿಗಳಲ್ಲಿ ಕನ್ನಡ ಕೇಳಿಬರುತ್ತದೆ. ದಸರೆಯ ರಜೆಗೆ ಹೊರಡುವುದೆಂದು ಗೊತ್ತಾಗಿದೆ. ಬರುವವರು ಅಜ್ಜಯ್ಯನವರಲ್ಲಿ ಹೆಸರು ಕೊಡಬಹುದು.